ಹಳೇ ಡೀಸೆಲ್ ಕಾರಿನ ಇಜಿಆರ್‌ಗೆ ಡಮ್ಮಿ ಪ್ಲೇಟ್ ಹಾಕಿಸಬಹುದಾ? ಮೆಕ್ಯಾನಿಕ್ ಕ್ಯಾಟ್ ಕೂಡ ತೆಗೆಸಿ ಅಂತಿದ್ದಾರೆ

ಹಾಸನ_ಡೀಸೆಲ್:

ಎಲ್ಲರಿಗೂ ನಮಸ್ಕಾರ. ನನ್ನದು 2011ರ ಡೀಸೆಲ್ ಹ್ಯಾಚ್‌ಬ್ಯಾಕ್, 1.3 ಲೀಟರ್ ಇಂಜಿನ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ಮೀಟರ್ ಒಂದೂವರೆ ಲಕ್ಷ ದಾಟಿದೆ. ಓಡಾಟ ಜಾಸ್ತಿ ಊರೊಳಗೇ. ಮನೆ, ಅಂಗಡಿ, ಮಗಳ ಸ್ಕೂಲು. ಆಗಾಗ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇವೆ.

ತೊಂದರೆ ಏನಂದರೆ 2000 ಆರ್‌ಪಿಎಂ ಒಳಗೆ ಗಾಡಿ ಎಳೆಯುವುದೇ ಇಲ್ಲ. ಘಾಟ್ ಹತ್ತುವಾಗ ಮೂರನೇ ಗೇರ್‌ನಲ್ಲಿ ಒತ್ತಿದರೆ ಹಿಂದೆ ಕಪ್ಪು ಹೊಗೆ, ಮಿರರ್‌ನಲ್ಲೇ ಕಾಣುವಷ್ಟು. ಚೆಕ್ ಇಂಜಿನ್ ಲೈಟ್ ಬರುತ್ತದೆ, ಎರಡು ದಿನ ಬಿಟ್ಟು ತಾನೇ ಹೋಗುತ್ತದೆ. ಸ್ಕ್ಯಾನ್ ಹಾಕಿಸಿದೆ, ಪಿ0401 ಅಂತ ಒಂದೇ ಕೋಡ್.

ಗೊತ್ತಿಲ್ಲದವರಿಗೆ: ಇಜಿಆರ್ ಅಂದರೆ ಸುಟ್ಟ ಹೊಗೆಯನ್ನು ಸ್ವಲ್ಪ ಮತ್ತೆ ಇಂಜಿನ್ ಒಳಗೆ ಬಿಡುವ ವಾಲ್ವ್, ಡಮ್ಮಿ ಪ್ಲೇಟ್ ಅಂದರೆ ಆ ದಾರಿ ಮುಚ್ಚುವ ತಗಡು, ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್. ಮೆಕ್ಯಾನಿಕ್ ಹೇಳಿದ್ದು: "ಇಜಿಆರ್ ತುಂಬ ಮಸಿ ಕಟ್ಟಿದೆ, ಕ್ಲೀನ್ ಮಾಡಿದರೂ ಮತ್ತೆ ಕಟ್ಟುತ್ತೆ, ಸುಮ್ನೆ ಡಮ್ಮಿ ಪ್ಲೇಟ್ ಹಾಕಿಬಿಡೋಣ, 1,500 ಕೊಡಿ ಸಾಕು. ಹಾಗೇ ಸೈಲೆನ್ಸರ್‌ನಲ್ಲಿರೋ ಕ್ಯಾಟ್ ಬಿಚ್ಚಿ ನೇರ ಪೈಪ್ ವೆಲ್ಡ್ ಮಾಡಿಕೊಡ್ತೀನಿ, ಅದಕ್ಕೆ ದುಡ್ಡು ಬೇಡ. ಗಾಡಿ ಹಾರುತ್ತೆ." ಎಮಿಷನ್ ಟೆಸ್ಟ್‌ನಲ್ಲಿ ಏನೂ ತೊಂದರೆ ಬರಲ್ಲ ಅಂತ ಗ್ಯಾರಂಟಿ ಬೇರೆ ಕೊಡುತ್ತಿದ್ದಾರೆ.

ಕಾರಿಗೆ ಹದಿನೈದು ವರ್ಷ ತುಂಬುವ ಹೊತ್ತು, ಆರ್‌ಸಿ ರಿನ್ಯೂವಲ್‌ಗೆ ಎಫ್‌ಸಿ ಮಾಡಿಸಬೇಕು. ಅದೇ ಚಿಂತೆ. ಹಾಕಿಸಿದವರು ಯಾರಾದರೂ ಇದ್ದರೆ ಅನುಭವ ಹೇಳಿ. ಪಿಕಪ್ ನಿಜವಾಗಿ ಬರುತ್ತದಾ? ಇಂಜಿನ್‌ಗೆ ಏನಾದರೂ ಆಗುತ್ತದಾ?

ಘಾಟ್_ಡ್ರೈವರ್:

ಕಣ್ಣು ಮುಚ್ಚಿ ಹಾಕಿಸಿ ಗುರು. ನನ್ನ ಹಳೇ ಜೀಪಿಗೆ ಹಾಕಿಸಿ ಬಹಳ ವರ್ಷ ಆಯಿತು, ಇಂಜಿನ್ ಕಲ್ಲಿನ ಹಾಗಿದೆ. ಯೋಚನೆ ಮಾಡಿ ನೋಡಿ, ಇಂಜಿನ್ ಹೊರಗೆ ಉಗುಳಿದ ಕೊಳಕನ್ನು ಮತ್ತೆ ಅದರ ಬಾಯಿಗೇ ಹಾಕುವುದು ಯಾವ ನ್ಯಾಯ? ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗುವ ಕವಲು ಪೈಪ್) ಒಮ್ಮೆ ಬಿಚ್ಚಿ ನೋಡಿದವರಿಗೆ ಗೊತ್ತು, ಅರ್ಧ ದಾರಿ ಮುಚ್ಚಿಹೋಗಿರುತ್ತದೆ. ಪ್ಲೇಟ್ ಹಾಕಿದ ಮೇಲೆ ಆಯಿಲ್ ಕೂಡ ಬೇಗ ಕಪ್ಪಾಗುವುದಿಲ್ಲ. ಮೈಲೇಜ್ ವ್ಯತ್ಯಾಸ ಏನೂ ಕಾಣಲಿಲ್ಲ, ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಆದರೆ ಹೊಗೆ ಕಡಿಮೆ ಆಯಿತು, ಎಮಿಷನ್ ಪ್ರತಿ ಸಲ ಪಾಸ್.

ರಸ್ತೆಯಲ್ಲಿ ಟಿಪ್ಪರ್‌ಗಳು ಬಿಡುವ ಹೊಗೆ ಮುಂದೆ ನಮ್ಮ ಒಂದು ಕಾರು ಯಾವ ಲೆಕ್ಕ.

ತುಮಕೂರು_ವರ್ಕ್‌ಶಾಪ್:

ಹಾಸನದ ಸರ್, ನಾನು ಡೀಸೆಲ್ ಗಾಡಿಗಳನ್ನೇ ರಿಪೇರಿ ಮಾಡುವವನು. ಮೊದಲು ಆ ಕೋಡ್ ಸರಿಯಾಗಿ ಓದೋಣ. ಪಿ0401 ಅಂದರೆ ಇಜಿಆರ್ ದಾರಿಯಲ್ಲಿ ಹೋಗಬೇಕಾದಷ್ಟು ಹೊಗೆ ಹೋಗುತ್ತಿಲ್ಲ ಅಂತ ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ದೂರು ಹೇಳುತ್ತಿದೆ. ಹೋಗುತ್ತಿರುವುದೇ ಕಡಿಮೆ ಅಂದ ಮೇಲೆ ಅದನ್ನು ಪೂರ್ತಿ ಮುಚ್ಚಿದರೆ ನಿಮ್ಮ ಕಪ್ಪು ಹೊಗೆ ಹೇಗೆ ನಿಲ್ಲುತ್ತದೆ? ವಾಲ್ವ್ ತೆರೆದುಕೊಂಡೇ ಸಿಕ್ಕಿಕೊಂಡಿದ್ದರೆ ಆ ಮಾತು ಬೇರೆ. ಆಗ ಗಾಳಿ ಜಾಗದಲ್ಲಿ ಹೊಗೆ ತುಂಬಿಕೊಂಡು ಗಾಡಿ ಮಸಿ ಉಗುಳುತ್ತದೆ. ಆದರೆ ನಿಮ್ಮ ಕೋಡ್ ಅದರ ಉಲ್ಟಾ.

ಇಸಿಯುಗೆ ಇಜಿಆರ್ ಪೈಪ್ ಒಳಗೆ ಕಣ್ಣಿಲ್ಲ. ಅದು ಲೆಕ್ಕ ಹಾಕುವುದು ಏರ್ ಫಿಲ್ಟರ್ ಬಾಕ್ಸ್ ಪಕ್ಕದ ಏರ್‌ಫ್ಲೋ ಸೆನ್ಸರ್ ನೋಡಿ. ಇಜಿಆರ್ ತೆರೆದರೆ ಹೊಸ ಗಾಳಿ ಇಷ್ಟು ಕಡಿಮೆ ಆಗಬೇಕು ಅಂತ ಅದಕ್ಕೊಂದು ಅಂದಾಜಿದೆ. ಗಾಳಿ ಅಷ್ಟು ಕಡಿಮೆ ಆಗದಿದ್ದರೆ 0401 ಹಾಕುತ್ತದೆ. ಈಗ ಟರ್ಬೊದಿಂದ ಇನ್‌ಟೇಕ್‌ಗೆ ಹೋಗುವ ರಬ್ಬರ್ ಹೋಸ್ ಬಿರುಕು ಬಿಟ್ಟಿದೆ ಅಂದುಕೊಳ್ಳಿ. ಸೆನ್ಸರ್ ದಾಟಿ ಬಂದ ಗಾಳಿ ದಾರಿಯಲ್ಲೇ ಸೋರಿಹೋಗುತ್ತದೆ. ಸೆನ್ಸರ್ ಪ್ರಕಾರ ಗಾಳಿ ಜಾಸ್ತಿ, ಸಿಲಿಂಡರ್ ಒಳಗೆ ನಿಜವಾಗಿ ಕಡಿಮೆ. ಇಸಿಯು ಸೆನ್ಸರ್ ನಂಬಿ ಡೀಸೆಲ್ ಬಿಡುತ್ತದೆ, ಸುಡಲು ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಟರ್ಬೊ ಒತ್ತಿ ಕೊಡುವ ಗಾಳಿ (ಬೂಸ್ಟ್) ಇಲ್ಲದೆ ಪಿಕಪ್ ಹೋಗುತ್ತದೆ, ಅದರ ಮೇಲೆ ಇಜಿಆರ್ ಕೋಡ್ ಕೂಡ ಬರುತ್ತದೆ. ನೀವು ಬರೆದ ಮೂರೂ ಲಕ್ಷಣ ಒಂದೇ ಹೋಸ್‌ನಿಂದ ಬರಬಹುದು! ಇಂಥ ಗಾಡಿಗೆ ಡಮ್ಮಿ ಪ್ಲೇಟ್ ಹಾಕಿದರೆ ಹೊಗೆಯೂ ಹೋಗಲ್ಲ, ಲೈಟೂ ಹೋಗಲ್ಲ.

ಆದ್ದರಿಂದ ಹಣ ಬಿಚ್ಚುವ ಮೊದಲು ಇಷ್ಟು ನೋಡಿಸಿ. ಇಂಜಿನ್ ಆರಿದ ಮೇಲೆ ಟರ್ಬೊ ಹೋಸ್ ಮೇಲಿನಿಂದ ಕೆಳಗಿನವರೆಗೆ ಕೈಯಲ್ಲಿ ಹಿಂಡಿ ನೋಡಿ. ಬಿರುಕು ಸಾಮಾನ್ಯವಾಗಿ ತಳಭಾಗದಲ್ಲಿ, ಕ್ಲಾಂಪ್ ಪಕ್ಕದಲ್ಲೇ ಇರುತ್ತದೆ, ಮೇಲಿನಿಂದ ಕಾಣುವುದೇ ಇಲ್ಲ, ಬೆರಳಿಗೆ ಎಣ್ಣೆ ಜಿಡ್ಡು ಹತ್ತಿದರೆ ಅಲ್ಲೇ ಇದೆ ಅಂತ ತಿಳಿಯಿರಿ. ಆಮೇಲೆ ಏರ್ ಫಿಲ್ಟರ್. ಆಮೇಲೆ ಆ ಏರ್‌ಫ್ಲೋ ಸೆನ್ಸರ್, ಅದನ್ನು ಅದಕ್ಕೇ ಬರುವ ಸ್ಪ್ರೇಯಲ್ಲಿ ಮಾತ್ರ ತೊಳೆಯಬೇಕು, ಬಟ್ಟೆ ಮುಟ್ಟಿಸಬಾರದು. ಇವೆಲ್ಲ ಸರಿ ಇದ್ದ ಮೇಲೆ ಇಜಿಆರ್ ಬಿಚ್ಚಲಿ.

ಘಾಟ್ ಅಣ್ಣ, ನಿಮ್ಮ ಮಾತಲ್ಲಿ ಮಸಿ ಕಟ್ಟುವುದು ನಿಜ, ಅದನ್ನು ಒಪ್ಪುತ್ತೇನೆ. ಇಜಿಆರ್‌ನ ಒಣ ಮಸಿ ಬ್ರೀದರ್ ಪೈಪ್‌ನಿಂದ ಬರುವ ಆಯಿಲ್ ಆವಿ ಜೊತೆ ಕಲಸಿಕೊಂಡು ಮ್ಯಾನಿಫೋಲ್ಡ್‌ನಲ್ಲಿ ಡಾಂಬರಿನ ಹಾಗೆ ಕೂರುತ್ತದೆ. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗೆ ಇದು ಜಾಸ್ತಿ. ಆದರೆ ಮೆಕ್ಯಾನಿಕ್ ಹೇಳಿದ ಪಿಕಪ್ ಲೆಕ್ಕ ತಪ್ಪು. ಸರಿಯಿರುವ ಇಜಿಆರ್ ವಾಲ್ವ್ ಫುಲ್ ಆಕ್ಸಿಲರೇಟರ್ ಒತ್ತಿದಾಗ ಮುಚ್ಚಿಕೊಂಡೇ ಇರುತ್ತದೆ. ಅದು ತೆರೆಯುವುದು ನಿಧಾನ ಓಡಾಟದಲ್ಲಿ, ಅರ್ಧ ಲೋಡ್‌ನಲ್ಲಿ. ಘಾಟ್ ಹತ್ತುವಾಗ ಮುಚ್ಚಿರುವ ಬಾಗಿಲಿಗೆ ಇನ್ನೊಂದು ಪ್ಲೇಟ್ ಹೊಡೆದರೆ ಶಕ್ತಿ ಎಲ್ಲಿಂದ ಬರಬೇಕು? ಪ್ಲೇಟ್ ಹಾಕಿ ಗಾಡಿ ಹಾರಿತು ಅನ್ನುವವರ ವಾಲ್ವ್ ಮೊದಲೇ ಕೆಟ್ಟು ತೆರೆದುಕೊಂಡಿತ್ತು, ಅಷ್ಟೇ. ಅದನ್ನು ಕ್ಲೀನ್ ಮಾಡಿಸಿದ್ದರೂ ಹಾಗೇ ಹಾರುತ್ತಿತ್ತು.

ಎಮಿಷನ್_ಸೆಂಟರ್:

ನಾನು ಎಮಿಷನ್ ಟೆಸ್ಟ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ, ಆ "ಗ್ಯಾರಂಟಿ" ಬಗ್ಗೆ ಹೇಳಲೇಬೇಕು. ಪಾಸ್ ಆಗುತ್ತದೆ ಅನ್ನುವುದು ನಿಜ. ಯಾಕೆ ಪಾಸ್ ಆಗುತ್ತದೆ ಅನ್ನುವುದನ್ನು ಜನ ಕೇಳುವುದಿಲ್ಲ.

ಡೀಸೆಲ್ ಗಾಡಿಗೆ ನಾವು ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ಇಂಜಿನ್ ಬಿಸಿ ಮಾಡಿ, ಸೈಲೆನ್ಸರ್‌ಗೆ ಪ್ರೋಬ್ ಹಾಕಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಬಿಡಿಸುತ್ತೇವೆ. ಬಿಎಸ್4 (ಭಾರತ್ ಸ್ಟೇಜ್ 4 ಅನ್ನುವ ಹೊಗೆ ನಿಯಮ) ಡೀಸೆಲ್‌ಗೆ ಮಿತಿ 1.62, ಅಂದರೆ ಹೊಗೆಯ ಕಪ್ಪು ಅಳೆಯುವ ಲೆಕ್ಕದಲ್ಲಿ 50 ಹಾರ್ಟ್‌ರಿಡ್ಜ್ ಯೂನಿಟ್. ಅದಕ್ಕಿಂತ ಹಳೆಯದಕ್ಕೆ 2.45, ಅಂದರೆ 65. ನೈಟ್ರೋಜನ್ ಆಕ್ಸೈಡ್ ಅಳೆಯುವ ವ್ಯವಸ್ಥೆ ಈ ಟೆಸ್ಟ್‌ನಲ್ಲಿ ಇಲ್ಲವೇ ಇಲ್ಲ. ಇಜಿಆರ್ ಇರುವುದೇ ಆ ನೈಟ್ರೋಜನ್ ಆಕ್ಸೈಡ್ ತಗ್ಗಿಸಲಿಕ್ಕೆ. ಹಾಗಾಗಿ ಅದನ್ನು ಮುಚ್ಚಿದ ಗಾಡಿ ನಮ್ಮ ಮೆಷಿನ್ ಮುಂದೆ ಇನ್ನೂ ಚೆನ್ನಾಗಿ ಕಾಣಬಹುದು. ನಮ್ಮ ಚೀಟಿ ನೋಡಿಕೊಂಡು "ನನ್ನ ಗಾಡಿ ಶುದ್ಧ" ಅನ್ನಬೇಡಿ, ಅದು ಹೇಳುವುದು ಹೊಗೆ ಕಪ್ಪಗಿಲ್ಲ ಅಂತ ಅಷ್ಟೇ.

ಪೆಟ್ರೋಲ್ ಗಾಡಿಯವರೂ ಓದುತ್ತಿದ್ದರೆ: ಅಲ್ಲಿ ಈ ಆಟ ನಡೆಯುವುದಿಲ್ಲ. ಬಿಎಸ್4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ ಒಳಗಿರಬೇಕು. ಕ್ಯಾಟ್ ಇಲ್ಲದ ಗಾಡಿ ಅಲ್ಲಿ ನಿಲ್ಲುವುದು ಬಹಳ ಕಷ್ಟ. ಫೇಲ್ ಆಗಿ ಬಂದು "ಏನಾದರೂ ಅಡ್ಜಸ್ಟ್ ಮಾಡಿ" ಅಂತ ಕೇಳುವವರಲ್ಲಿ ಕ್ಯಾಟ್ ತೆಗೆಸಿಕೊಂಡವರು ಇದ್ದೇ ಇರುತ್ತಾರೆ.

ಹಾಸನದವರೇ, ನಿಮ್ಮ ಆರ್‌ಸಿಯಲ್ಲಿ ಬಿಎಸ್3 ಅಂತಿದೆಯಾ ಬಿಎಸ್4 ಅಂತಿದೆಯಾ ನೋಡಿ. 2010ರಲ್ಲಿ ಬಿಎಸ್4 ಬಂದದ್ದು ಬೆಂಗಳೂರು ಸೇರಿ 13 ನಗರಗಳಿಗೆ ಮಾತ್ರ, ದೇಶಕ್ಕೆಲ್ಲ ಕಡ್ಡಾಯ ಆದದ್ದು 2017ರ ಏಪ್ರಿಲ್‌ನಲ್ಲಿ. 2011ರ ಗಾಡಿ ಎರಡರಲ್ಲಿ ಯಾವುದಾದರೂ ಆಗಿರಬಹುದು. ಬಿಎಸ್4 ಆದರೆ ಸರ್ಟಿಫಿಕೇಟ್ ಒಂದು ವರ್ಷಕ್ಕೆ, ಇಲ್ಲದಿದ್ದರೆ ಆರು ತಿಂಗಳಿಗೆ.

ಕೆಮಿಸ್ಟ್ರಿ_ಮೇಡಂ:

ಮೇಲೆ ಒಬ್ಬರು "ನಮ್ಮ ಒಂದು ಕಾರು ಯಾವ ಲೆಕ್ಕ" ಅಂದರು. ನಾನು ಬೆಂಗಳೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಈ ವಿಷಯ ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸವೇ, ಅದಕ್ಕೆ ಬರೆಯುತ್ತಿದ್ದೇನೆ.

ಗಾಳಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೈಟ್ರೋಜನ್. ಮಾಮೂಲಿಯಾಗಿ ಅದು ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಡೀಸೆಲ್ ಸಿಲಿಂಡರ್ ಒಳಗಿನ ಭಾರೀ ಶಾಖದಲ್ಲಿ ಅದು ಆಕ್ಸಿಜನ್ ಜೊತೆ ಸೇರಿಕೊಂಡು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಶಾಖ ಸ್ವಲ್ಪ ಏರಿದರೂ ಇದು ತುಂಬ ಏರುತ್ತದೆ. ಇಜಿಆರ್ ಮಾಡುವುದು ಇಷ್ಟೇ: ಸುಟ್ಟ ಹೊಗೆಯನ್ನು ಸ್ವಲ್ಪ ಒಳಗೆ ಬಿಟ್ಟು ಆಕ್ಸಿಜನ್ ಪಾಲು ತಗ್ಗಿಸಿ ಆ ಶಾಖ ಇಳಿಸುವುದು. ಕೊಳಕನ್ನು ತಿನ್ನಿಸುವುದಲ್ಲ ಅದು, ಬೆಂಕಿಯನ್ನು ತಣ್ಣಗಿಡುವ ದಾರಿ.

ಮುಚ್ಚಿದಾಗ ಹೊರಗೆ ಬರುವುದು ಕಣ್ಣಿಗೆ ಕಾಣುವುದಿಲ್ಲ. ಅದೇ ಇದರ ಕಷ್ಟ. ಟಿಪ್ಪರ್ ಹೊಗೆ ಕಂಡರೆ ಮುಖ ಮುಚ್ಚಿಕೊಳ್ಳುತ್ತೇವೆ, ನೈಟ್ರೋಜನ್ ಡೈಆಕ್ಸೈಡ್ ಬಂದರೆ ಗೊತ್ತೇ ಆಗದೆ ಉಸಿರಾಡುತ್ತೇವೆ. ಅದು ಶ್ವಾಸನಾಳಕ್ಕೆ ಉರಿ ಹಚ್ಚುತ್ತದೆ, ಆಸ್ತಮಾ ಇರುವ ಮಕ್ಕಳಿಗೆ ಇನ್ನೂ ಜಾಸ್ತಿ. ಬಿಸಿಲಲ್ಲಿ ಅದೇ ಓಝೋನ್ ಆಗಲು ದಾರಿ ಮಾಡುತ್ತದೆ. ಮತ್ತೆ ನೋಡಿ, ಇಜಿಆರ್ ಹೆಚ್ಚು ಕೆಲಸ ಮಾಡುವುದು ನಿಧಾನ ಓಡಾಟದಲ್ಲಿ ಅಂತ ತುಮಕೂರಿನವರು ಹೇಳಿದರು. ನಿಧಾನ ಓಡಾಟ ಎಲ್ಲಿ? ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ, ಸ್ಕೂಲ್ ಗೇಟ್ ಮುಂದೆ. ಅಂದರೆ ಮುಚ್ಚಿದ್ದರ ಪೂರ್ತಿ ಪರಿಣಾಮ ಜನ ಒತ್ತಾಗಿ ನಿಂತಿರುವ ಕಡೆಯೇ ಆಗುತ್ತದೆ. ಒಂದು ಕಾರಿನ ಲೆಕ್ಕ ಘಾಟ್‌ನಲ್ಲಿ ಇಲ್ಲದಿರಬಹುದು, ಆ ಗೇಟ್ ಮುಂದೆ ಇದೆ.

2015ರಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದೂ ಈ ಅನಿಲದ ವಿಷಯದಲ್ಲೇ. ಟೆಸ್ಟ್ ನಡೆಯುವಾಗ ಮಾತ್ರ ಎಲ್ಲ ನಿಯಂತ್ರಣ ಕೆಲಸ ಮಾಡುವ ಹಾಗೆ ಸಾಫ್ಟ್‌ವೇರ್ ಬರೆದಿದ್ದರು, ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ಬರುತ್ತಿತ್ತು ಅಂತ ಅಲ್ಲಿನ ಪರಿಸರ ಇಲಾಖೆ ಹೇಳಿತು. ಅದನ್ನು ಜಗತ್ತೆಲ್ಲ ಮೋಸ ಅಂದಿತು. ನಾವು 1,500 ಕೊಟ್ಟು ಪ್ಲೇಟ್ ಹಾಕಿಸಿ ಚೀಟಿ ಪಾಸ್ ಮಾಡಿಸಿಕೊಳ್ಳುವುದನ್ನು ಏನಂತ ಕರೆಯಬೇಕು?

ಘಾಟ್_ಡ್ರೈವರ್:

ಮೇಡಂ, ನಿಮ್ಮ ಮಾತಿಗೆ ಬೆಲೆ ಕೊಡುತ್ತೇನೆ. ಆದರೆ ಹೊಸ ಇಜಿಆರ್ ವಾಲ್ವ್ ರೇಟ್ ಕೇಳಿದ್ದೀರಾ? ಕೆಲವು ಗಾಡಿಗೆ ಹತ್ತು ಸಾವಿರದ ಮೇಲೆ. ತಿಂಗಳಿಗೆ ಇಷ್ಟು ಅಂತ ದುಡಿದು ಹಳೇ ಗಾಡಿ ಇಟ್ಟುಕೊಂಡವನು ಏನು ಮಾಡಬೇಕು? ಪಾರ್ಟ್ ಕಡಿಮೆ ಬೆಲೆಗೆ ಸಿಗುವ ಹಾಗೆ ಮಾಡದೆ ಬರೀ ಕಾನೂನು ಹೇಳಿದರೆ ಜನ ಪ್ಲೇಟ್ ಹಾಕಿಸಿಯೇ ಹಾಕಿಸುತ್ತಾರೆ.

ಹಾಸನ_ಡೀಸೆಲ್:

ಎಲ್ಲರಿಗೂ ಥ್ಯಾಂಕ್ಸ್. ತುಮಕೂರು ಸರ್, ನೀವು ಹೇಳಿದ ಹಾಗೆ ಹೋಸ್ ಕೆಳಗೆ ಕೈ ಹಾಕಿ ನೋಡಿದೆ. ಕ್ಲಾಂಪ್ ಹತ್ತಿರ ಜಿಡ್ಡು ಇದೆ, ಮಸಿ ಕಲಸಿದ ಎಣ್ಣೆ. ಬಿರುಕು ಕಣ್ಣಿಗೆ ಕಾಣಲಿಲ್ಲ, ಬಿಚ್ಚಿಸಿ ನೋಡಬೇಕು. ಆರ್‌ಸಿಯಲ್ಲಿ ಬಿಎಸ್4 ಅಂತಿದೆ.

ಕ್ಯಾಟ್ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಡೀಸೆಲ್‌ನಲ್ಲಿ ಅದು ಏನು ಮಾಡುತ್ತದೆ? ಬ್ಲಾಕ್ ಆಗಿದೆ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ, ಗೊತ್ತು ಮಾಡುವುದು ಹೇಗೆ? ಮತ್ತೆ ಸಿಕ್ಕಿಬಿದ್ದರೆ ಫೈನ್ ಎಷ್ಟು?

ತುಮಕೂರು_ವರ್ಕ್‌ಶಾಪ್:

ಜಿಡ್ಡು ಇದೆ ಅಂದರೆ ಮೊದಲು ಹೋಸ್ ಬಿಚ್ಚಿಸಿ. ಬರೀ ಕ್ಲಾಂಪ್ ಸಡಿಲ ಇದ್ದರೂ ಸಾಕು ಇಷ್ಟೆಲ್ಲ ಆಗಲು.

ಕ್ಯಾಟ್: ನಿಮ್ಮ ಕಾಲದ ಡೀಸೆಲ್‌ನಲ್ಲಿರುವುದು ಆಕ್ಸಿಡೇಷನ್ ಕ್ಯಾಟಲಿಸ್ಟ್. ಸೂಕ್ಷ್ಮ ತೂತುಗಳಿರುವ ಒಂದು ಇಟ್ಟಿಗೆ, ಮೇಲೆ ಪ್ಲಾಟಿನಂ ಲೇಪ. ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಡೀಸೆಲ್ ಆವಿ ಇವನ್ನು ಅಲ್ಲೇ ಸುಟ್ಟು ಹಾಕುತ್ತದೆ. ಅದನ್ನು ತೆಗೆದರೆ ಸಿಗ್ನಲ್‌ನಲ್ಲಿ ನಿಂತಾಗ ಕಣ್ಣು ಉರಿಯುವ ವಾಸನೆ ಕಾರೊಳಗೇ ಬರುತ್ತದೆ, ಮಗಳನ್ನು ಕೂರಿಸಿಕೊಂಡು ಹೋಗುತ್ತೀರಲ್ವಾ, ಯೋಚಿಸಿ. ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರ್, ಬೇರೆ, ಅದು ನಿಮ್ಮ ಗಾಡಿಯಲ್ಲಿ ಇಲ್ಲ, ಬಿಎಸ್6 ಡೀಸೆಲ್‌ಗಳಲ್ಲಿ ಬಂದಿದೆ.

ಬ್ಲಾಕ್ ಆಗಿದೆಯಾ ಅಂತ ಮಾತಲ್ಲಿ ಹೇಳಲು ಆಗುವುದಿಲ್ಲ, ಅಳೆಯಬೇಕು. ಕ್ಯಾಟ್ ಮುಂದೆ ಪ್ರೆಷರ್ ಗೇಜ್ ಹಾಕಿ ರೇಸ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಒಂದು ವೇಳೆ ನಿಜವಾಗಿ ಕಟ್ಟಿದ್ದರೂ ಅದು ಸುಮ್ನೆ ಕಟ್ಟುವುದಿಲ್ಲ. ಇಂಜೆಕ್ಟರ್ ಜಾಸ್ತಿ ಡೀಸೆಲ್ ಬಿಡುತ್ತಿರಬೇಕು, ಇಲ್ಲ ಟರ್ಬೊ ಸೀಲ್ ಹೋಗಿ ಆಯಿಲ್ ಸುಡುತ್ತಿರಬೇಕು. ಕ್ಯಾಟ್ ಕಿತ್ತು ಬಿಸಾಡಿದರೆ ಆ ರೋಗ ಒಳಗೇ ಇರುತ್ತದೆ.

ಇನ್ನೊಂದು ಮಾತು, ಬೇಜಾರಾಗಬೇಡಿ. "ಕ್ಯಾಟ್ ತೆಗೆಯಲು ದುಡ್ಡು ಬೇಡ" ಅಂದರಲ್ಲ, ಬಿಚ್ಚಿದ ಹಳೇ ಕ್ಯಾಟ್ ನನಗೇ ಕೊಡಿ ಅಂತ ಕೇಳಿ ನೋಡಿ. ಅದರೊಳಗಿನ ಪ್ಲಾಟಿನಂಗಾಗಿಯೇ ಗುಜರಿಯವರು ಅದನ್ನು ಒಳ್ಳೇ ಬೆಲೆಗೆ ತಗೊಳ್ಳುತ್ತಾರೆ. ವೆಲ್ಡಿಂಗ್ ಕೂಲಿ ಅಲ್ಲೇ ವಸೂಲಿ. ನಿಮ್ಮ ಮೆಕ್ಯಾನಿಕ್ ಹಾಗೆ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಆದರೆ ನಮ್ಮ ಲೈನ್‌ನಲ್ಲಿ ಇದು ನಡೆಯುತ್ತದೆ, ಗಿರಾಕಿಗಳಿಗೆ ಗೊತ್ತಿರಬೇಕು.

ಘಾಟ್ ಅಣ್ಣ, ಬೆಲೆ ವಿಷಯ ಸರಿ. ಅದಕ್ಕೇ ಮೊದಲು ಕ್ಲೀನ್ ಮಾಡಿಸಿ ಅನ್ನುವುದು. ಹೆಚ್ಚಿನ ಗಾಡಿಗಳಲ್ಲಿ ವಾಲ್ವ್ ಕೆಟ್ಟಿರುವುದಿಲ್ಲ, ಮಸಿಯಲ್ಲಿ ಹೂತಿರುತ್ತದೆ ಅಷ್ಟೇ.

ಎಮಿಷನ್_ಸೆಂಟರ್:

ಫೈನ್ ಕೇಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ 182ಎ(4)ರಲ್ಲಿ ಅನುಮತಿ ಇಲ್ಲದ ಬದಲಾವಣೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೊಗೆ ಮಿತಿ ಮೀರಿದರೆ 190(2), ಅದರಲ್ಲಿ 10,000ದವರೆಗೆ ದಂಡ, ಲೈಸೆನ್ಸ್ ಮೂರು ತಿಂಗಳು ಅನರ್ಹ. ರಸ್ತೆಯಲ್ಲಿ ಪ್ಲೇಟ್ ಹುಡುಕಿ ಯಾರೂ ಬಾನೆಟ್ ಬಿಚ್ಚಿಸಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಎಫ್‌ಸಿಗೆ ಹೋದಾಗ ಇನ್ಸ್‌ಪೆಕ್ಟರ್ ಕೆಳಗೆ ಬಗ್ಗಿ ನೋಡಿದರೆ ಕ್ಯಾಟ್ ಜಾಗದಲ್ಲಿ ಹೊಸ ವೆಲ್ಡಿಂಗ್ ಪೈಪ್ ಎದ್ದು ಕಾಣುತ್ತದೆ. ನಿಮ್ಮ ರಿನ್ಯೂವಲ್ ಹತ್ತಿರ ಇದೆ ಅಂದಿರಿ, ಈ ಸಮಯದಲ್ಲಿ ಅದಕ್ಕೆ ಕೈ ಹಾಕಲೇಬೇಡಿ.

ಸನ್ನಿವೇಲ್_ಕನ್ನಡಿಗ:

ನಾನು ಕ್ಯಾಲಿಫೋರ್ನಿಯಾದಲ್ಲಿ ಹಳೇ ಪೆಟ್ರೋಲ್ ಸೆಡಾನ್ ಇಟ್ಟುಕೊಂಡಿದ್ದೇನೆ. ಇಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್. 2000 ಮತ್ತು ಆಮೇಲಿನ ಗಾಡಿಗಳಿಗೆ ಕಂಪ್ಯೂಟರ್ ಪ್ಲಗ್ ಹಾಕಿ ಓದುತ್ತಾರೆ, ಅದರ ಜೊತೆಗೆ ಎಲ್ಲ ಉಪಕರಣ ಜಾಗದಲ್ಲಿ ಇದೆಯಾ ಅಂತ ಕಣ್ಣಲ್ಲೇ ನೋಡುತ್ತಾರೆ. ಹೊಸ ಕ್ಯಾಟ್ ಹಾಕಿಸಿದರೂ ರಾಜ್ಯ ಒಪ್ಪಿದ ನಂಬರ್ ಅದರ ಮೇಲೆ ಇರಬೇಕು, ಇಲ್ಲದಿದ್ದರೆ ಫೇಲ್. ಟೆಸ್ಟ್‌ಗೆ ಸ್ವಲ್ಪ ಮೊದಲು ಕೋಡ್ ಅಳಿಸಿಕೊಂಡು ಹೋದರೂ ಗೊತ್ತಾಗುತ್ತದೆ, ಕಂಪ್ಯೂಟರ್ ಒಳಗಿನ ಸ್ವಯಂ ಪರೀಕ್ಷೆಗಳು ಮುಗಿದಿಲ್ಲ ಅಂತ ತೋರಿಸುತ್ತದೆ. ನಮ್ಮಲ್ಲೂ ಆ ಪ್ಲಗ್ ಹಾಕುವ ಒಬಿಡಿ ಪೋರ್ಟ್ ಗಾಡಿಗಳಲ್ಲಿ ಇದೆ, ಎಮಿಷನ್ ಸೆಂಟರ್‌ನಲ್ಲಿ ಅದನ್ನು ಓದಿಸಲು ಶುರು ಮಾಡಿದರೆ ಅರ್ಧ ಡಮ್ಮಿ ಪ್ಲೇಟ್ ತಾನೇ ಹೊರಗೆ ಬರುತ್ತವೆ.

ತುಮಕೂರು_ವರ್ಕ್‌ಶಾಪ್:

ಹಾಸನದ ಸರ್, ಹೋಸ್ ಸರಿ ಮಾಡಿಸಿ ಕೋಡ್ ಅಳಿಸಿ ಒಂದು ವಾರ ಓಡಿಸಿ. ಲೈಟ್ ಮತ್ತೆ ಬಂದರೆ ಆಗ ಇಜಿಆರ್ ಬಿಚ್ಚಿಸಿ. ಬಿಚ್ಚುವ ಮೊದಲು ಬ್ಯಾಟರಿ ಟರ್ಮಿನಲ್ ತೆಗೆಸಿ. ಕಾರ್ಬ್ ಕ್ಲೀನರ್ ಹೊಡೆದು ಹತ್ತು ನಿಮಿಷ ನೆನೆಯಲು ಬಿಡಬೇಕು, ಮೆದು ಬ್ರಷ್‌ನಲ್ಲಿ ಉಜ್ಜಬೇಕು. ಒಳಗಿನ ವಾಲ್ವ್ ಕಡ್ಡಿಯನ್ನು ಸ್ಕ್ರೂಡ್ರೈವರ್‌ನಲ್ಲಿ ಮೀಟಬಾರದು, ಮೋಟರ್ ಕಡೆಗೆ ಸ್ಪ್ರೇ ಇಳಿಯಬಾರದು. ವಾಲ್ವ್ ಒಂದೇ ಅಲ್ಲ, ಮ್ಯಾನಿಫೋಲ್ಡ್ ಬಾಯಿ ಮತ್ತು ಇಜಿಆರ್ ಪೈಪ್ ಒಳಗಿನ ಮಸಿಯನ್ನೂ ಕೆರೆಯಬೇಕು, ಜನ ಬಿಡುವುದೇ ಅದನ್ನು, ಆಮೇಲೆ ಎರಡು ತಿಂಗಳಲ್ಲಿ ಮತ್ತೆ ಕಟ್ಟಿತು ಅನ್ನುತ್ತಾರೆ. ಪ್ಯಾಕಿಂಗ್ ಹಳೆಯದನ್ನೇ ಹಾಕಲು ಬಿಡಬೇಡಿ. ಹೊಸದು ಹಾಕಿಸಿ, ಕೂರಿಸುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ.

ಆಮೇಲೆ ತಿಂಗಳಿಗೆ ಎರಡು ಸಲವಾದರೂ ಬಿ.ಎಂ. ರಸ್ತೆಯಲ್ಲಿ ಚನ್ನರಾಯಪಟ್ಟಣದವರೆಗೆ ಒಂದೇ ಸಮ ಓಡಿಸಿಕೊಂಡು ಬನ್ನಿ, ಇಂಜಿನ್ ಪೂರ್ತಿ ಬಿಸಿಯಾಗಲಿ. ಹೋಸ್ ಬಿಚ್ಚಿದಾಗ ಟರ್ಬೊ ಶಾಫ್ಟ್ ಕೈಯಲ್ಲಿ ಅಲ್ಲಾಡಿಸಿ ನೋಡಲು ಹೇಳಿ. ಅಕ್ಕಪಕ್ಕ ಚೂರು ಆಡಿದರೆ ಪರವಾಗಿಲ್ಲ, ಹಿಂದೆ ಮುಂದೆ ಆಡಿದರೆ ಇಲ್ಲಿ ಬರೆಯಿರಿ.